ಬ್ಯಾಟ್ರಿಲಿ ಬೆಳ್ಳಿ ನೀರು ಮಾಡ್ತಾ ಇದೀನಿ, ಹಳದಿ ಬರ್ತಾ ಇದೆ, ಇದು ಸರಿನಾ?

ಹಂಚಿನಮನೆ (ತೀರ್ಥಹಳ್ಳಿ ಹತ್ರ)

ಎಲ್ರಿಗೂ ನಮಸ್ಕಾರ. ಇಲ್ಲಿ ಸರ್ಕ್ಯೂಟ್ ಗೊತ್ತಿರೋರೂ ಇದೀರ, ಕೆಮಿಸ್ಟ್ರಿ ಗೊತ್ತಿರೋರೂ ಇದೀರ, ಅದ್ಕೇ ಕೇಳ್ತಾ ಇದೀನಿ. ನಮ್ಮಲ್ಲಿ ಹದಿನೈದು ದಿನದಿಂದ ಮಳೆ ಬಿಡದೆ ಹೊಡೀತಾ ಇದೆ, ಕರೆಂಟು ಬಂದ್ರೆ ಬಂತು ಇಲ್ದಿದ್ರೆ ಇಲ್ಲ, ತೋಟಕ್ಕೆ ಕಾಲಿಡೋ ಹಂಗಿಲ್ಲ, ಹಿಂಗೆ ಕೂತು ಕೂತು ಬೇಜಾರಾಗಿದ್ದಾಗ ಬೆಂಗಳೂರಿನ ನಮ್ಮ ಭಾವ ಒಂದು ವಿಡಿಯೋ ಕಳ್ಸಿದ್ರು, ಕೊಲಾಯ್ಡಲ್ ಸಿಲ್ವರ್ ಅಂತೆ, ಬೆಳ್ಳಿ ನೀರು, ಮೂರು ಒಂಬತ್ತು ವೋಲ್ಟ್ ಬ್ಯಾಟ್ರಿ, ಎರಡು ಬೆಳ್ಳಿ ತಂತಿ, ಒಂದು ಲೋಟ ನೀರು ಇದ್ರೆ ಆಯ್ತು, ಕೆಮ್ಮು ನೆಗಡಿ ಗಾಯ ಹೊಟ್ಟೆನೋವು ಎಲ್ಲದಕ್ಕೂ ಆಗುತ್ತೆ ಅಂತ. ಎಲ್ಲದಕ್ಕೂ ಆಗುತ್ತೆ ಅಂದಾಗ್ಲೇ ಒಂಚೂರು ಡೌಟ್ ಬಂತು, ಆದ್ರೂ ಮಾಡಿ ನೋಡೋಕೇನು ಅಂತ ಶುರು ಮಾಡ್ದೆ.

ಶಿವಮೊಗ್ಗಕ್ಕೆ ಹೋದಾಗ ಗಾಂಧಿ ಬಜಾರಲ್ಲಿ ಗೇಣುದ್ದದ್ದು ಎರಡು ತಂತಿ ತಗೊಂಡೆ, ಪ್ಯೂರ್ ಬೆಳ್ಳಿನೇ ಬೇಕು ಅಂತ ಹೇಳಿ. ಬ್ಯಾಟ್ರಿ ಮೂರನ್ನೂ ಒಂದರ ಮೂತಿಗೆ ಇನ್ನೊಂದು ಸಿಕ್ಕಿಸಿ ಸೀರೀಸ್ ಮಾಡ್ದೆ, ಮೀಟರಲ್ಲಿ 28 ವೋಲ್ಟ್ ಚಿಲ್ರೆ ತೋರ್ಸ್ತು. ಮೊದಲ್ನೇ ದಿನ ವಿಡಿಯೋದಲ್ಲಿ ಹೇಳ್ದಂಗೆ ಫಿಲ್ಟರ್ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಕನೆಕ್ಷನ್ ಕೊಟ್ಟೆ. ಎರಡೇ ನಿಮಿಷಕ್ಕೆ ಒಂದು ತಂತಿಯಿಂದ ಬೀಡಿ ಹೊಗೆ ಥರ ಬಿಳಿ ಎಳೆ ಇಳಿಯೋಕೆ ಶುರು ಆಯ್ತು, ಹತ್ತು ನಿಮಿಷಕ್ಕೆ ಲೋಟ ಪೂರ್ತಿ ಅಕ್ಕಚ್ಚು. ಅದನ್ನ ಚೆಲ್ಲೋಕೆ ಮನ್ಸಾಗದೆ ಕಿಟಕಿ ಮೇಲಿಟ್ಟು ಮರ್ತೇಬಿಟ್ಟೆ, ಮೂರನೇ ದಿನ ನೋಡ್ತೀನಿ ಅಡೀಲಿ ಕೂತ ಬಿಳೀದೆಲ್ಲ ನೇರಳೆ-ಬೂದಿ ಬಣ್ಣಕ್ಕೆ ತಿರುಗಿದೆ. ಇದ್ಯಾಕೆ?

ಎರಡನೇ ಸಲ ಉಪ್ಪು ಬಿಟ್ಟು ಇನ್ವರ್ಟರ್‌ಗೆ ಹಾಕೋ ಬ್ಯಾಟ್ರಿ ನೀರು ತಗೊಂಡೆ. ಅರ್ಧ ಗಂಟೆ ಏನಂದ್ರೆ ಏನೂ ಆಗ್ಲಿಲ್ಲ, ಬ್ಯಾಟ್ರಿ ಸತ್ತಿದೆ ಅಂದ್ಕೊಂಡೆ. ಆಮೇಲೆ ಒಂದು ತಂತಿ ಕಪ್ಪಾಯ್ತು, ಇನ್ನೊಂದರ ಮೇಲೆ ಸಣ್ಣ ಸಣ್ಣ ಗುಳ್ಳೆ ಬಂದು ಪಾಚಿ ಥರ ಬೂದಿ ಜುಂಗು ಬೆಳೀತು. ಮೂರು ಗಂಟೆಗೆ ನೀರು ತೆಳ್ಳಗಿನ ಕಷಾಯದ ಹಳದಿ. ನೀರಲ್ಲಿ ಕರಗಿರೋ ಲವಣ ನೋಡೋ ಮಗನ ಟಿಡಿಎಸ್ ಮೀಟರ್ ಇಟ್ರೆ 9 ತೋರಿಸ್ತದೆ. ಅಂದ್ರೆ 9 ಪಿಪಿಎಂ (ಲೀಟರಿಗೆ 9 ಮಿಲಿಗ್ರಾಂ) ಬೆಳ್ಳಿ ಅಂತಾನಾ? ಹಳದಿ ಒಳ್ಳೇದಾ ಕೆಟ್ಟದ್ದಾ?

ಇನ್ನೊಂದು, ಅಮ್ಮಂಗೆ 68 ವರ್ಷ, ಎರಡು ತಿಂಗಳಿಂದ ಒಣ ಕೆಮ್ಮು ಬಿಡ್ತಾ ಇಲ್ಲ. ಬಿಪಿ, ಥೈರಾಯ್ಡ್ ಎರಡಕ್ಕೂ ಮಾತ್ರೆ ತಗೋತಾರೆ. ಭಾವ ದಿನಾ ಬೆಳಿಗ್ಗೆ ಎರಡು ಚಮಚ ಕುಡ್ಸು ಅಂತಾರೆ. ಮತ್ತೆ ಇದನ್ನ ಅಡಿಕೆ ಕೊಳೆ ರೋಗಕ್ಕೆ ಹೊಡೀಬಹುದಾ ಅಂತಾನೂ ಒಂದು ಆಸೆ ಇದೆ, ನಗ್ಬೇಡಿ.

ಸೋಲ್ಡರ್_ಕೈ (ಸಾಗರ)

ನಗಲ್ಲ ಮಾರಾಯ್ರೆ, ನಾನೂ ಮಾಡಿದೀನಿ ಇದನ್ನ. ಇನ್ವರ್ಟರ್ ರಿಪೇರಿ ಮಾಡ್ಕೊಂಡಿರೋನು ನಾನು, ಯಾರೋ ಗಿರಾಕಿ ಆನ್‌ಲೈನಲ್ಲಿ ತರ್ಸಿದ್ದ ಇಂಥದ್ದೇ ಮಿಷನ್ ಕೆಟ್ಟಿದೆ ಅಂತ ತಂದ್ರು, ಬಿಚ್ಚಿ ನೋಡಿದ್ರೆ ಒಳಗೆ ಮೂರು ಬ್ಯಾಟ್ರಿ, ಒಂದು ಸ್ವಿಚ್ಚು, ಒಂದು ಎಲ್‌ಇಡಿ, ಮತ್ತೇನಿಲ್ಲ. ಅವರು ಕೊಟ್ಟ ದುಡ್ಡು ಕೇಳಿ ನಂಗೇ ಹೊಟ್ಟೆ ಉರೀತು.

ಉಪ್ಪಿನ ಕತೆ ಮೊದ್ಲು. ಉಪ್ಪು ಹಾಕಿದ್ರೆ ನೀರಲ್ಲಿ ಕರೆಂಟು ಜೋರಾಗಿ ಹರಿಯುತ್ತೆ, ವಿಡಿಯೋದೋರಿಗೆ ಅದು ಬೇಕು, ಹತ್ತು ನಿಮಿಷದಲ್ಲಿ ಏನಾದ್ರೂ ಕಾಣ್ಬೇಕಲ್ಲ. ಆದ್ರೆ ನಿಮ್ಗೆ ಬಂದಿದ್ದು ಬೆಳ್ಳಿ ನೀರಲ್ಲ, ಸಿಲ್ವರ್ ಕ್ಲೋರೈಡ್. ಅದು ನೀರಲ್ಲಿ ಕರಗಲ್ಲ, ಅಕ್ಕಚ್ಚಿನಂಗೆ ತೇಲಿ ಆಮೇಲೆ ತಳ ಸೇರುತ್ತೆ. ಫಿಲ್ಟರ್ ನೀರಲ್ಲೂ ಬಾವಿ ನೀರಲ್ಲೂ ಸ್ವಲ್ಪ ಕ್ಲೋರೈಡ್ ಇದ್ದೇ ಇರುತ್ತೆ, ಅದ್ಕೇ ಡಿಸ್ಟಿಲ್ಡ್ ನೀರೇ ಬೇಕು ಅನ್ನೋದು. ಮಳೆ ನೀರು ಅಂತ ಯಾರಾದ್ರೂ ಹೇಳ್ತಾರೆ ಮುಂದೆ, ಈಗ್ಲೇ ಹೇಳ್ಬಿಡ್ತೀನಿ, ನಮ್ಮೂರ ಹಂಚಿನ ಮೇಲಿಂದ ಬಿದ್ದ ನೀರಲ್ಲಿ ಪಾಚಿ, ಎಲೆ ಕೊಳೆತದ್ದು, ಹಕ್ಕಿ ಹಿಕ್ಕೆ ಎಲ್ಲ ಇರುತ್ತೆ.

ಶುದ್ಧ ನೀರಲ್ಲಿ ಮೊದಲ ಅರ್ಧ ಗಂಟೆ ಏನೂ ಆಗದೇ ಇರೋದೇ ಸರಿ. ಶುದ್ಧ ನೀರು ಕರೆಂಟು ಬಿಡೋದು ತುಂಬ ಕಮ್ಮಿ. ಪಾಸಿಟಿವ್ ತಂತಿಯಿಂದ ಒಂದಿಷ್ಟು ಬೆಳ್ಳಿ ಅಯಾನ್ (ಚಾರ್ಜ್ ಇರೋ ಬೆಳ್ಳಿ ಪರಮಾಣು) ಬಿಟ್ಟ ಮೇಲೆ ನೀರು ದಾರಿ ಕೊಡುತ್ತೆ, ಕರೆಂಟು ಏರುತ್ತೆ, ಏರಿದ್ದಕ್ಕೆ ಇನ್ನೂ ಬೆಳ್ಳಿ ಬಿಡುತ್ತೆ, ಮತ್ತೆ ಏರುತ್ತೆ. ಇಳಿಜಾರಲ್ಲಿ ಬ್ರೇಕಿಲ್ದ ಸೈಕಲ್ ಥರ. ನಿಮ್ದು ಮೂರು ಗಂಟೆ ಬಿಟ್ಟಾಗ ಕೊನೆಗೆ ಎಷ್ಟು ಹರೀತಿತ್ತೋ ಆ ದೇವರಿಗೇ ಗೊತ್ತು. ಅದ್ಕೆ ಒಂದು 27 ಕೆ (27 ಸಾವಿರ ಓಮ್) ರೆಸಿಸ್ಟರ್ ಸೀರೀಸಲ್ಲಿ ಹಾಕಿ, ಕೆಂಪು ನೇರಳೆ ಕಿತ್ತಳೆ ಪಟ್ಟಿ ಇರೋದು, ಒಂದು ರೂಪಾಯಿಗೋ ಎರಡು ರೂಪಾಯಿಗೋ ಸಿಗುತ್ತೆ. ಆವಾಗ ತಂತಿ ತಂತಿ ಅಂಟ್ಕೊಂಡ್ರೂ ಹೆಚ್ಚುಕಮ್ಮಿ 1 ಮಿಲಿಆಂಪಿಗೇ ನಿಲ್ಲುತ್ತೆ. ಬೂದಿ ಜುಂಗು ಅಂದ್ರಲ್ಲ, ಅದೂ ಬೆಳ್ಳಿನೇ, ನೆಗೆಟಿವ್ ತಂತಿಗೆ ಹೋಗಿ ಮತ್ತೆ ಅಂಟಿದ್ದು, ಗುಳ್ಳೆ ಹೈಡ್ರೋಜನ್. ಆಗಾಗ ಬಟ್ಟೇಲಿ ಒರೆಸ್ಬೇಕು, ಇಲ್ದಿದ್ರೆ ಉದುರಿ ನೀರಲ್ಲಿ ಕಪ್ಪು ಚೂರು ತೇಲ್ತವೆ. ಪಾಸಿಟಿವ್ ತಂತಿ ಮೇಲಿನ ಕಪ್ಪು ಆಕ್ಸೈಡು.

ಹಳದಿ ಅಂದ್ರೆ ಬೆಳ್ಳಿ ಕಣಗಳು ಕಟ್ಕೊಂಡಿದಾವೆ ಅಂತ. ಬರೀ ಅಯಾನ್ ಇದ್ರೆ ನೀರು ನೀರಿನಂಗೇ ಕಾಣುತ್ತೆ. ಅತಿ ಸಣ್ಣ ಬೆಳ್ಳಿ ಕಣ ಬೆಳಕಿನ ನೇರಳೆ ಭಾಗನ ನುಂಗುತ್ತೆ, ಉಳಿದಿದ್ದು ನಮ್ಮ ಕಣ್ಣಿಗೆ ಹಳದಿ. ರಾತ್ರಿ ಕರೆಂಟು ಹೋದಾಗ ಲೇಸರ್ ಪಾಯಿಂಟರ್ ಬಿಟ್ಟು ನೋಡಿ, ಲೋಟದೊಳಗೆ ಕೆಂಪು ಗೆರೆ ಎಳ್ದಂಗೆ ಕಾಣುತ್ತೆ, ಬರೀ ನೀರಲ್ಲಿ ಕಾಣಲ್ಲ. ನಂಗೆ ಈ ಕೆಲಸದಲ್ಲಿ ಖುಷಿ ಕೊಟ್ಟಿದ್ದು ಅದೊಂದೇ.

ಕುಡಿಯೋ ವಿಷಯ ನಂಗೆ ಗೊತ್ತಿಲ್ಲ. ನಾನು ಕುಡ್ದಿಲ್ಲ. ಮೇಷ್ಟ್ರು ಬರ್ತಾರೆ ನೋಡಿ.

ಹಳೇ_ಮೇಷ್ಟ್ರು (ಶಿವಮೊಗ್ಗ)

ಬಂದೆ. ಪಿಯುಸಿ ಮಕ್ಕಳಿಗೆ ಮೂವತ್ತು ವರ್ಷ ಕೆಮಿಸ್ಟ್ರಿ ಹೇಳಿದವನು, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಸಾಗರದವರು ಹೇಳಿದ್ದೆಲ್ಲ ಸರಿ. ಎಷ್ಟು ಬೆಳ್ಳಿ ಬಂತು ಅನ್ನೋಕೆ ಟಿಡಿಎಸ್ ಮೀಟರ್ ಬೇಡ, ಅದು ಬೆಳ್ಳಿ ಅಳೆಯಲ್ಲ, ನೀರಲ್ಲಿ ಕರೆಂಟು ಎಷ್ಟು ಹರಿಯುತ್ತೆ ಅಂತ ನೋಡಿ ಉಪ್ಪಿನ ಲೆಕ್ಕದಲ್ಲಿ ಒಂದು ಅಂಕಿ ಹೇಳುತ್ತೆ ಅಷ್ಟೇ. ಕಣ ಆಗಿರೋ ಬೆಳ್ಳಿ ಅದಕ್ಕೆ ಕಾಣೋದೇ ಇಲ್ಲ. ನಿಮಗೆ ಬೇಕಾಗಿರೋದು ಫ್ಯಾರಡೆ ನಿಯಮ, ಹರಿದ ಕರೆಂಟಿಗೆ ಎಷ್ಟು ಲೋಹ ಕರಗುತ್ತೆ ಅಂತ ಹೇಳೋದು. ಬೆಳ್ಳಿಯ ಪರಮಾಣು ತೂಕ 107.87, ಒಂದು ಪರಮಾಣು ಒಂದೇ ಎಲೆಕ್ಟ್ರಾನ್ ಬಿಟ್ಟು ಅಯಾನ್ ಆಗುತ್ತೆ, 96,485 ಕೂಲಂಬ್‌ಗೆ (ಕೂಲಂಬ್ ಅಂದ್ರೆ ಹರಿದ ವಿದ್ಯುತ್ತಿನ ಅಳತೆ) 107.87 ಗ್ರಾಂ. ಒಂದು ಮಿಲಿಆಂಪ್ ಒಂದು ಗಂಟೆ ಹರಿದ್ರೆ 3.6 ಕೂಲಂಬ್, ಅಂದ್ರೆ ಹತ್ತಿರ ಹತ್ತಿರ 4 ಮಿಲಿಗ್ರಾಂ ಬೆಳ್ಳಿ. 250 ಎಂಎಲ್ ಲೋಟ ಆದ್ರೆ ಲೀಟರಿಗೆ 16 ಮಿಲಿಗ್ರಾಂ. ಇದು ಮೇಲಿನ ಮಿತಿ, ಜುಂಗಾಗಿ ಹೋಗಿದ್ದು ಕಳೀಬೇಕು. ನಮ್ಮ ದೇಶದ ಕುಡಿಯೋ ನೀರಿನ ಸ್ಟ್ಯಾಂಡರ್ಡ್ ಐಎಸ್ 10500 ಇದೆಯಲ್ಲ, ಅದರಲ್ಲಿ ಬೆಳ್ಳಿಗೆ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ನೀವೇ ಭಾಗಿಸಿ ನೋಡಿ.

ಈಗ ನಿಮ್ಮ ಕಿಟಕಿ ಮೇಲಿನ ಲೋಟಕ್ಕೆ ಬರ್ತೀನಿ. ಇಡೀ ಪ್ರಶ್ನೇಲಿ ನನಗೆ ಕುತೂಹಲ ಹುಟ್ಟಿಸಿದ್ದು ಅದು. ಸಿಲ್ವರ್ ಕ್ಲೋರೈಡ್ ಮೇಲೆ ಬೆಳಕು ಬಿದ್ರೆ ಒಡೆದು ಸಣ್ಣ ಸಣ್ಣ ಬೆಳ್ಳಿ ಕಣ ಆಗುತ್ತೆ, ಅದೇ ಆ ನೇರಳೆ-ಬೂದಿ. ಹಳೇ ಕಾಲದ ಕಪ್ಪು ಬಿಳುಪು ಫೋಟೋ ನಿಂತಿದ್ದೇ ಬೆಳ್ಳಿ ಲವಣದ ಈ ಗುಣದ ಮೇಲೆ. ನಾನು ಲ್ಯಾಬಲ್ಲಿ ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡ್ಸೋವಾಗ ಬೆರಳಿಗೆ ಒಂದು ಹನಿ ಬಿದ್ರೆ ಆಗ ಏನೂ ಕಾಣ್ತಿರ್ಲಿಲ್ಲ, ಮನೆಗೆ ಬಿಸಿಲಲ್ಲಿ ನಡ್ಕೊಂಡು ಬರೋಷ್ಟರಲ್ಲಿ ಕಂದು, ರಾತ್ರಿ ಊಟಕ್ಕೆ ಕೂತಾಗ ಕಪ್ಪು. ಸೋಪು ಹಾಕಿ ಉಜ್ಜಿದ್ರೂ ಹೋಗ್ತಿರ್ಲಿಲ್ಲ, ಚರ್ಮ ತಾನಾಗಿ ಸುಲೀಬೇಕಿತ್ತು. ನಮ್ಮ ಮನೆಯವಳು ಗೇರುಕಾಯಿ ಸೊನೆ ಮುಟ್ಟಿದ್ರಾ ಅಂತ ಕೇಳೋಳು.

ಮೇಲಿನ ಚರ್ಮ ಸುಲಿಯುತ್ತೆ, ಸರಿ. ಕುಡಿದ ಬೆಳ್ಳಿ ರಕ್ತದ ಮೂಲಕ ಹೋಗಿ ಚರ್ಮದ ಒಳಪದರದಲ್ಲಿ ಕೂತ್ರೆ ಅದು ಸುಲಿಯೋ ಜಾಗ ಅಲ್ಲ. ಅಲ್ಲಿಗೆ ಬೆಳಕು ತಲುಪುತ್ತೆ, ನಿಮ್ಮ ಲೋಟದಲ್ಲಿ ಆದದ್ದೇ ಅಲ್ಲೂ ಆಗುತ್ತೆ. ಮುಖ, ಕೈ, ಉಗುರಿನ ಬುಡ ನೀಲಿ-ಬೂದಿ ಆಗುತ್ತೆ. ಇದಕ್ಕೆ ಅರ್ಜೀರಿಯಾ ಅಂತಾರೆ, ಒಂದ್ಸಲ ಬಂದ್ರೆ ಸಾಮಾನ್ಯವಾಗಿ ಹೋಗಲ್ಲ. ಅಮೆರಿಕದ ಪಾಲ್ ಕ್ಯಾರಸನ್ ಅನ್ನೋರು ಹತ್ತು ವರ್ಷಕ್ಕೂ ಮೇಲೆ ಮನೇಲೇ ಇದನ್ನ ಮಾಡ್ಕೊಂಡು ಕುಡಿದು, ಮುಖಕ್ಕೂ ಹಚ್ಕೊಂಡು, 2008ರಲ್ಲಿ ಟೀವೀಲಿ ಬಂದಾಗ ಪೂರ್ತಿ ನೀಲಿ ಆಗಿದ್ರು, 2013ರಲ್ಲಿ ತೀರ್ಕೊಳ್ಳೋವರೆಗೂ ಹಾಗೇ ಇದ್ರು. ಮೊಂಟಾನಾ ರಾಜ್ಯದ ಸ್ಟ್ಯಾನ್ ಜೋನ್ಸ್ ಅಂತ ಒಬ್ರು ರಾಜಕಾರಣಿ, 2000ನೇ ಇಸವಿ ಬಂದ್ರೆ ಕಂಪ್ಯೂಟರ್‌ಗಳೆಲ್ಲ ಕೈಕೊಟ್ಟು ಆಂಟಿಬಯೋಟಿಕ್ ಸಿಗಲ್ಲ ಅಂತ ಹೆದರಿ 1999ರಿಂದ ಕುಡಿಯೋಕೆ ಶುರು ಮಾಡಿದ್ರು. ಕಂಪ್ಯೂಟರ್ ಏನೂ ಆಗ್ಲಿಲ್ಲ, ಅವರು ನೀಲಿ ಆದ್ರು, 2002ರ ಸೆನೆಟ್ ಚುನಾವಣೆಗೆ ಆ ಬಣ್ಣದಲ್ಲೇ ನಿಂತ್ರು. ಅಮೆರಿಕದ ಎಫ್‌ಡಿಎ (ಔಷಧಿ ಪರಿಶೀಲಿಸೋ ಸರ್ಕಾರಿ ಸಂಸ್ಥೆ) 1999ರಲ್ಲೇ ಅಂಗಡೀಲಿ ಚೀಟಿ ಇಲ್ದೆ ಮಾರೋ ಇಂಥ ಬೆಳ್ಳಿ ಔಷಧಿಗಳು ಸುರಕ್ಷಿತ ಅಂತಾಗ್ಲಿ, ಕೆಲಸ ಮಾಡ್ತವೆ ಅಂತಾಗ್ಲಿ ಒಪ್ಪೋಕಾಗಲ್ಲ ಅಂತ ನಿಯಮ ಮಾಡಿದೆ.

ಇನ್ನು ಬ್ಯಾಟ್ರಿ ನೀರು ಕುಡಿಯೋಕೆ ಮಾಡಿದ್ದಲ್ಲ. ರೆಸಿನ್ ಮೂಲಕ ಲವಣ ತೆಗೆದಿರ್ತಾರೆ, ಅದು ಬ್ಯಾಕ್ಟೀರಿಯಾ ತೆಗೆಯಲ್ಲ, ಕ್ಯಾನು ಯಾವತ್ತು ತೊಳೆದದ್ದೋ.

ಹಸಿರುದಾರಿ

ಎಲ್ಲದಕ್ಕೂ ಅಮೆರಿಕ ಅಮೆರಿಕ ಅಂತೀರಲ್ಲ ಸಾರ್, ನಮ್ಮ ಹಿರಿಯರು ಬೆಳ್ಳಿ ಲೋಟದಲ್ಲಿ ನೀರು ಕುಡಿದವ್ರು, ಮಗುಗೆ ಬೆಳ್ಳಿ ಒಳಲೇಲಿ ಹಾಲು ಕುಡ್ಸಿದವ್ರು, ಪೇಡದ ಮೇಲೆ ಬೆಳ್ಳಿ ಹಾಳೆ ಇಲ್ವಾ, ಆಯುರ್ವೇದದಲ್ಲಿ ರಜತ ಭಸ್ಮ ಇಲ್ವಾ? ಅವರ್ಯಾರೂ ನೀಲಿ ಆಗ್ಲಿಲ್ಲ. ನಾನು ಎರಡು ವರ್ಷದಿಂದ ವಾರಕ್ಕೆರಡು ಸಲ ಈ ನೀರು ತಗೋತಾ ಇದೀನಿ, ನಂಗೇನೂ ಆಗಿಲ್ಲ, ನೆಗಡಿನೂ ಕಮ್ಮಿ ಆಗಿದೆ.

ಹಳೇ_ಮೇಷ್ಟ್ರು

ಒಳಲೆ ನಮ್ಮನೇಲೂ ಇದೆ, ನನ್ನ ಮೊಮ್ಮಗಳೂ ಅದರಲ್ಲೇ ಕುಡಿದಳು. ಗಟ್ಟಿ ಬೆಳ್ಳಿ ಹಾಲಿಗೆ ಬಿಡೋದು ಲೆಕ್ಕಕ್ಕೇ ಸಿಗದಷ್ಟು. ಆ ಒಳಲೆಗೆ ನೀವು ಬ್ಯಾಟ್ರಿ ಕೊಟ್ಟು ಕೂರ್ಸಿಲ್ಲ ಅಲ್ವಾ? ಬ್ಯಾಟ್ರಿ ಮಾಡೋ ಕೆಲಸಾನೇ ಅದು, ತಾನಾಗಿ ಬರದ ಬೆಳ್ಳೀನ ಎಳೆದು ತರೋದು. ಪೇಡದ ಹಾಳೆ ಹೆಚ್ಚಿನಂಶ ಹಂಗೇ ಆಚೆ ಹೋಗುತ್ತೆ. ಭಸ್ಮದ ವಿಷಯ ವೈದ್ಯರು ಹೇಳ್ಬೇಕು, ಅವರೂ ಗುಂಜಿ ಲೆಕ್ಕದಲ್ಲಿ ಇಷ್ಟು ದಿನ ಅಂತ ಕೊಡ್ತಾರೆ, ಲೋಟದ ಲೆಕ್ಕದಲ್ಲಲ್ಲ.

ಬೆಳ್ಳಿ ಔಷಧಿನೇ ಅಲ್ಲ ಅಂತ ನಾನು ಹೇಳಲ್ಲ. ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕೋ ಪದ್ಧತಿ 1880ರ ದಶಕದಲ್ಲಿ ಜರ್ಮನಿಯ ಕ್ರೆಡೆ ಅನ್ನೋ ಡಾಕ್ಟ್ರಿಂದ ಬಂತು, ಎಷ್ಟೋ ಮಕ್ಕಳ ಕಣ್ಣು ಉಳೀತು. ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಾಜಿನ್ ಕ್ರೀಂ ಈಗ್ಲೂ ಬರ್ಕೊಡ್ತಾರೆ. ಎರಡೂ ಮೇಲಿಂದ ಹಾಕೋದು, ಅಳತೆ ಗೊತ್ತಿರೋದು. ಹೊಟ್ಟೆಗೆ ಹೋದ ಬೆಳ್ಳಿ ಅಯಾನ್‌ಗೆ ಮೊದಲು ಸಿಗೋದು ಜಠರದ ಹೈಡ್ರೋಕ್ಲೋರಿಕ್ ಆಸಿಡ್, ಅಲ್ಲೇ ಮತ್ತೆ ನಿಮ್ಮ ಅಕ್ಕಚ್ಚು.

ಅಡಿಕೆಚಪ್ಪರ

ನಾನು ಕೊಳೆ ವಿಷಯ ಮಾತ್ರ ಹೇಳ್ತೀನಿ. ಮೇಷ್ಟ್ರ ಲೆಕ್ಕ ಇಟ್ಕೊಂಡೇ ಕ್ಯಾಲ್ಕುಲೇಟರ್ ಒತ್ತಿದೆ. ನೂರು ಲೀಟರ್ ಡ್ರಮ್ಮಿಗೆ ಬರೀ 10 ಪಿಪಿಎಂ ಅಂದ್ರೂ ಒಂದು ಗ್ರಾಂ ಬೆಳ್ಳಿ ಬೇಕು, 1 ಮಿಲಿಆಂಪಲ್ಲಿ 250 ಗಂಟೆ, ಅಂದ್ರೆ ಹತ್ತು ದಿನ ಹಗಲು ರಾತ್ರಿ ನೀವು ಲೋಟದ ಮುಂದೆ ಜುಂಗು ಒರೆಸ್ತಾ ಕೂತಿರ್ಬೇಕು, ಅಷ್ಟರಲ್ಲಿ ಕಾಯೆಲ್ಲ ಉದುರಿ ಮರದ ಬುಡದಲ್ಲಿ ರಂಗೋಲಿ ಆಗಿರುತ್ತೆ, ಮತ್ತೆ ನೂರು ಲೀಟರ್ ಡಿಸ್ಟಿಲ್ಡ್ ನೀರು ಎಲ್ಲಿಂದ ತರ್ತೀರಿ. ಒಂದು ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), ಒಂದು ಕೆಜಿ ಸುಣ್ಣ, ನೂರು ಲೀಟರ್ ಹೊಳೆ ನೀರು, ಚಾಕು ಅದ್ದಿ ನೋಡಿ ಕೆಂಪು ಹತ್ತದಿದ್ರೆ ಹೊಡೀರಿ. ಅಂದಹಾಗೆ ಆ ಚಾಕು ಮೇಲೆ ಹತ್ತೋ ಕೆಂಪು ತಾಮ್ರ ಇದೆಯಲ್ಲ, ಅದಕ್ಕೂ ಇವರ ಜುಂಗಿಗೂ ಸಂಬಂಧ ಇದ್ಯಾ ಮೇಷ್ಟ್ರೆ?

ಹಳೇ_ಮೇಷ್ಟ್ರು

ಇದೆ, ಒಂದೇ ಮನೆತನ. ಎರಡೂ ಕಡೆ ಲೋಹದ ಅಯಾನ್ ಎಲೆಕ್ಟ್ರಾನ್ ತಗೊಂಡು ಮತ್ತೆ ಲೋಹ ಆಗುತ್ತೆ, ನಿಮ್ಮ ಚಾಕೂಲಿ ಎಲೆಕ್ಟ್ರಾನ್ ಕೊಡೋದು ಕಬ್ಬಿಣ, ಇವರ ಲೋಟದಲ್ಲಿ ಬ್ಯಾಟ್ರಿ. ನೀವು ಪರೀಕ್ಷೆಗೆ ಕೂತಿದ್ರೆ ಪೂರ್ತಿ ಮಾರ್ಕು ಕೊಡ್ತಿದ್ದೆ.

ಅಕ್ಕಸಾಲೆ_ಮೂಲೆ (ಶಿವಮೊಗ್ಗ)

ತಂತಿ ಬಗ್ಗೆ ಯಾರೂ ಕೇಳ್ಲಿಲ್ವಲ್ಲ, ನಾನು ಹೇಳ್ತೀನಿ, ನಮ್ಮದು ಮೂರು ತಲೆಮಾರಿಂದ ಬೆಳ್ಳಿ ಕೆಲಸ. ನಮ್ಮಂಗಡಿಗೂ ಈ ಕೊರೋನಾ ಟೈಮಲ್ಲಿ ನಾಲ್ಕೈದು ಜನ ಇದೇ ಕೇಳ್ಕೊಂಡು ಬಂದಿದ್ರು. ಪ್ಯೂರ್ ಅಂತ ಕೇಳಿದ್ರೆ ಒಬ್ಬೊಬ್ರು ಒಂದೊಂದು ಕೊಡ್ತಾರೆ, ಮೋಸ ಅಂತಲ್ಲ, ಒಡವೆ ಭಾಷೇಲಿ 92.5 ಪರ್ಸೆಂಟ್ ಕೂಡ ಒಳ್ಳೇ ಬೆಳ್ಳಿನೇ. ಆದ್ರೆ ಅದರಲ್ಲಿ ಉಳಿದ ಏಳೂವರೆ ಹೆಚ್ಚುಕಮ್ಮಿ ತಾಮ್ರ, ಬ್ಯಾಟ್ರಿ ಕೊಟ್ರೆ ಅದೂ ನೀರಿಗೆ ಇಳಿಯುತ್ತೆ. ಕಾಲ್ಗೆಜ್ಜೆ, ಉಡಿದಾರದಲ್ಲಿ ಇನ್ನೂ ಕಮ್ಮಿ ಇರುತ್ತೆ ಬೆಳ್ಳಿ. ಕೆಲವ್ರು ಅಜ್ಜಿ ಗೆಜ್ಜೆ ಕಟ್ ಮಾಡಿ ನೀರಲ್ಲಿ ಇಳಿಬಿಡ್ತಾರೆ ಅಂತ ಕೇಳಿದೀನಿ, ದಯವಿಟ್ಟು ಬೇಡ, ಬೆಸುಗೆ ಹಾಕಿದ ಜಾಗದಲ್ಲಿ ಏನೇನಿರುತ್ತೋ, ಹಳೇ ಬೆಸುಗೇಲಿ ಕ್ಯಾಡ್ಮಿಯಂ ಇರೋದುಂಟು, ಚಿನ್ನದಲ್ಲಿ ಕೆಡಿಎಂ ಅಂತಿದ್ರಲ್ಲ ಅದೇ ಕ್ಯಾಡ್ಮಿಯಂ.

ಮನೇಲೇ ಗೊತ್ತಾಗೋ ಒಂದು ಗುರುತು, ತಂತೀನ ಸುಮ್ನೆ ಬಗ್ಗಿಸಿ. ಅಪ್ಪಟ ಬೆಳ್ಳಿ ಹದ ಮಾಡಿದ್ದಾದ್ರೆ ದಾರದಂಗೆ ಬಗ್ಗಿ ಅಲ್ಲೇ ನಿಲ್ಲುತ್ತೆ. ತಾಮ್ರ ಬೆರೆತದ್ದು ಸ್ವಲ್ಪ ಸೆಟೆದು ವಾಪಸ್ ಬರುತ್ತೆ. ಇದು ಪಕ್ಕಾ ಟೆಸ್ಟ್ ಅಲ್ಲ, ಕೈಗೆ ಅಭ್ಯಾಸ ಇರೋರಿಗೆ.

ಹಂಚಿನಮನೆ

ಇಷ್ಟು ಜನ ಬರೀತೀರ ಅಂದ್ಕೊಂಡಿರ್ಲಿಲ್ಲ, ಥ್ಯಾಂಕ್ಸ್. ನಾನು ಒಂದು ವಿಷಯ ಮುಚ್ಚಿಟ್ಟಿದ್ದೆ, ಹೇಳ್ಬಿಡ್ತೀನಿ. ಅಮ್ಮಂಗೆ ನಾಲ್ಕು ದಿನದಿಂದ ಬೆಳಿಗ್ಗೆ ಎರಡೆರಡು ಚಮಚ ಕೊಟ್ಟಾಗಿದೆ, ಥೈರಾಯ್ಡ್ ಮಾತ್ರೆ ಜೊತೇಲೇ. ನಿನ್ನೆ ಮೇಷ್ಟ್ರದ್ದು ಓದಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ, ಎದ್ದು ಟಾರ್ಚ್ ಹಾಕಿ ಅಮ್ಮನ ಉಗುರು ನೋಡಿದೆ, ಅವ್ರು ಎಚ್ಚರ ಆಗಿ ಏನಾ ಮಾಡ್ತಿದೀಯ ಅಂತ ಬೈದ್ರು.

ಬೆಳಿಗ್ಗೆ ಹಳದಿ ನೀರು ಅರ್ಧ ಲೋಟ ತಗೊಂಡು ನಾಲ್ಕು ಹರಳು ಉಪ್ಪು ಹಾಕ್ದೆ, ನೋಡ್ತಾ ನೋಡ್ತಾನೇ ಮಂಜು ಕವಿದಂಗೆ ಆಯ್ತು. ಅಂದ್ರೆ ಅಯಾನೇ ಜಾಸ್ತಿ ಇದೆ ಅಂತ ಅಲ್ವಾ? ಲೇಸರ್ ಗೆರೆನೂ ಕಾಣ್ತು, ಮಗ ಕುಣಿದಾಡ್ಬಿಟ್ಟ. ತಂತಿ ದಾರದಂಗೇ ಬಗ್ಗುತ್ತೆ, ಅದೊಂದು ಸಮಾಧಾನ.

ಹಳೇ_ಮೇಷ್ಟ್ರು

ಹೌದು, ಉಪ್ಪಿಗೆ ಮಂಜು ಕಟ್ಟಿದ್ದು ಅಯಾನ್. ಬ್ಯಾಟ್ರೀಲಿ ಮಾಡಿದ್ರಲ್ಲಿ ಹೆಚ್ಚಿನ ಪಾಲು ಅದೇ ಇರುತ್ತೆ, ಕೊಲಾಯ್ಡ್ (ಸಣ್ಣ ಕಣ ತೇಲೋ ನೀರು) ಅನ್ನೋ ಹೆಸರು ಅದಕ್ಕೆ ಪೂರ್ತಿ ಹೊಂದೋದೂ ಇಲ್ಲ.

ಗಾಬರಿ ಬೇಡ. ಎರಡು ಚಮಚ ಅಂದ್ರೆ ಹತ್ತು ಎಂಎಲ್, ಲೀಟರಿಗೆ 16 ಮಿಲಿಗ್ರಾಂ ಅಂತ ಹಿಡಿದ್ರೆ ದಿನಕ್ಕೆ 0.16 ಮಿಲಿಗ್ರಾಂ, ನಾಲ್ಕು ದಿನಕ್ಕೆ ಒಂದು ಮಿಲಿಗ್ರಾಂ ಕೂಡ ಇಲ್ಲ. ರೆಸಿಸ್ಟರ್ ಇಲ್ದೆ ಮಾಡಿದ್ದು, ಹಾಗಾಗಿ ಹತ್ತು ಪಟ್ಟು ಜಾಸ್ತಿ ಅಂದ್ರೂ ಆರೇಳು ಮಿಲಿಗ್ರಾಂ. ನೀಲಿ ಆದವರದ್ದು ತಿಂಗಳು, ವರ್ಷಗಟ್ಟಲೆ ಸೇರ್ಕೊಂಡ ಲೆಕ್ಕ. ನಾಲ್ಕು ದಿನಕ್ಕೆ ಉಗುರು ನೋಡೋ ಅಗತ್ಯ ಇಲ್ಲ. ಆದ್ರೆ ಥೈರಾಯ್ಡ್ ಮಾತ್ರೆ ದೇಹಕ್ಕೆ ಸೇರೋದನ್ನ ಬೆಳ್ಳಿ ಕಮ್ಮಿ ಮಾಡ್ಬಹುದು, ಕೆಲವು ಆಂಟಿಬಯೋಟಿಕ್‌ಗೂ ಹಾಗೇ, ಅದಕ್ಕೆ ನಿಲ್ಸಿ, ಡಾಕ್ಟ್ರಿಗೆ ಮುಚ್ಚಿಡದೆ ಹೇಳಿ.

ಹೊಸನಗರದ_ಅಕ್ಕ

ಎರಡು ದಿನದಿಂದ ಓದ್ತಾ ಇದೀನಿ, ಎಲ್ರೂ ಬೆಳ್ಳಿ ಬೆಳ್ಳಿ ಅಂತಿದೀರ, ಕೆಮ್ಮು ಯಾಕೆ ಬಂತು ಅಂತ ಒಬ್ರೂ ಕೇಳ್ಲಿಲ್ಲ. ನಾನು ನರ್ಸು. ಅಮ್ಮ ತಗೊಳ್ಳೋ ಬಿಪಿ ಮಾತ್ರೆ ಯಾವುದು? ಶೀಟು ತಿರುಗಿಸಿ ನೋಡಿ, ಹೆಸರು ಪ್ರಿಲ್ ಅಂತ ಮುಗಿಯುತ್ತಾ, ಎನಲಾಪ್ರಿಲ್, ರಾಮಿಪ್ರಿಲ್ ಈ ಥರ? ಆ ಗುಂಪಿನ ಮಾತ್ರೆಗೆ ಕೆಲವರಿಗೆ ಒಣ ಕೆಮ್ಮು ಬರುತ್ತೆ, ಕಫ ಇರಲ್ಲ, ಗಂಟಲು ಕೆರೆತ, ರಾತ್ರಿ ಜಾಸ್ತಿ. ಹಂಗಂತ ನೀವೇ ಮಾತ್ರೆ ನಿಲ್ಸೋಕೆ ಹೋಗ್ಬೇಡಿ, ಬಿಪಿ ಏರಿ ಬೇರೆ ತಾಪತ್ರಯ. ಡಾಕ್ಟ್ರ ಹತ್ರ ಹೋಗಿ, ಎರಡು ತಿಂಗಳ ಕೆಮ್ಮು ಅಂದ ಮೇಲೆ ಕಫ ಪರೀಕ್ಷೆ, ಎಕ್ಸ್‌ರೇ ಏನು ಹೇಳ್ತಾರೋ ಅದನ್ನೂ ಮಾಡ್ಸಿ, ಟಿಬಿ ಅಲ್ಲ ಅಂತ ಗೊತ್ತಾಗ್ಬೇಕು.

ನಂಗೆ ಈ ನೀರಿನ ಮೇಲೆ ಸಿಟ್ಟು ಇದೆ, ಕಾರಣ ಹೇಳ್ತೀನಿ. ನಮ್ಮ ಮಾವನೋರಿಗೆ ಶುಗರ್ರು. ಕಾಲಿನ ಬೆರಳ ಸಂದೀಲಿ ಒಂದು ಸಣ್ಣ ಗಾಯ, ಗದ್ದೇಲಿ ಮುಳ್ಳು ಚುಚ್ಚಿದ್ದು. ನಾನು ಆಗ ತವರಿಗೆ ಬಾಣಂತನಕ್ಕೆ ಹೋಗಿದ್ದೆ. ಯಾರೋ ನೆಂಟ್ರು ಬಾಟ್ಲೀಲಿ ಬೆಳ್ಳಿ ನೀರು ತಂದುಕೊಟ್ರು, ದಿನಾ ಹತ್ತಿ ಅದ್ದಿ ಇಡೋದು. ನೋವಿಲ್ಲ ಕಣಮ್ಮ, ಚೆನ್ನಾಗೇ ಇದೆ ಅಂತ ಫೋನಲ್ಲಿ ಹೇಳೋರು. ನೋವಿರಲ್ಲ, ಶುಗರ್ ಇದ್ದ ಎಷ್ಟೋ ಜನಕ್ಕೆ ಕಾಲಿನ ನರ ಸತ್ತಿರುತ್ತೆ, ಅದೇ ಅಲ್ವಾ ಅಪಾಯ. ಮೂರು ವಾರ ಆದ್ಮೇಲೆ ನಾನು ಬಂದು ಹತ್ತಿ ತೆಗೆದ್ರೆ ವಾಸ್ನೆ ಬಾಗ್ಲವರೆಗೆ ಬಂತು. ಕಿರುಬೆರಳು ಮತ್ತೆ ಅದರ ಪಕ್ಕದ್ದು, ಎರಡು ತೆಗೀಬೇಕಾಯ್ತು. ಆ ನೀರು ಗಾಯನ ಕೆಡ್ಸ್ತು ಅಂತ ನಾನು ಹೇಳಲ್ಲ. ಮೂರು ವಾರ ತಿಂತು.

ಸೋಲ್ಡರ್_ಕೈ

ಅಕ್ಕಾ, ಇದನ್ನ ಓದಿ ಸುಮ್ನಾಗ್ಬಿಟ್ಟೆ. ಆ ಗಿರಾಕಿ ಮಿಷನ್ ರಿಪೇರಿ ಮಾಡಿ ವಾಪಸ್ ಕೊಟ್ಟಿದ್ದೆ ನಾನು, ನೂರೈವತ್ತು ರೂಪಾಯಿ ತಗೊಂಡು. ನಾಳೆ ಫೋನ್ ಮಾಡಿ ಕೇಳ್ತೀನಿ ಯಾರಿಗೆ ಕೊಡ್ತಾ ಇದಾರೆ ಅಂತ.

ಹಸಿರುದಾರಿ

ನಾನು ಇನ್ನೂ ಒಪ್ಪಲ್ಲ, ಆದ್ರೆ ಶುಗರ್ ಗಾಯಕ್ಕೆ ಅಕ್ಕ ಹೇಳಿದ್ದು ಸರಿ.

ಹಂಚಿನಮನೆ

ಒಂದು ವಾರ ಆಯ್ತು, ಅಪ್‌ಡೇಟ್ ಕೊಡ್ಬೇಕು ಅನ್ನಿಸ್ತು. ಅಕ್ಕ, ಶೀಟಿನ ಮೇಲೆ ಪ್ರಿಲ್ ಅಂತಲೇ ಇತ್ತು. ಡಾಕ್ಟ್ರ ಹತ್ರ ಹೋದ್ವಿ, ಮಳೇಲಿ ರಸ್ತೆ ಮೇಲೆ ಮರ ಬಿದ್ದು ಒಂದು ಗಂಟೆ ಅಲ್ಲೇ ನಿಂತು, ಅಂತೂ ಹೋದ್ವಿ. ಎಕ್ಸ್‌ರೇ ಕ್ಲಿಯರ್ ಇದೆ, ಕಫ ಪರೀಕ್ಷೆಗೂ ಬರ್ಕೊಟ್ರು ಆದ್ರೆ ಅಮ್ಮಂಗೆ ಕಫನೇ ಬರಲ್ಲ. ಬಿಪಿ ಮಾತ್ರೆ ಬೇರೆ ಬರ್ಕೊಟ್ಟು ಎರಡು ಮೂರು ವಾರ ನೋಡೋಣ ಅಂದ್ರು, ಥೈರಾಯ್ಡ್ ಟೆಸ್ಟಿಗೂ ಬರ್ದಿದಾರೆ. ಬೆಳ್ಳಿ ನೀರು ಅಂತ ಹೇಳಿದ್ದಕ್ಕೆ ಕನ್ನಡಕ ತೆಗೆದು ನನ್ನನ್ನ ಒಂದು ನಿಮಿಷ ನೋಡಿದ್ರು, ಬೈಯ್ಲಿಲ್ಲ. ಇವತ್ತಿಗೆ ಹೊಸ ಮಾತ್ರೆ ಶುರುವಾಗಿ ಆರು ದಿನ, ಇನ್ನೂ ಕೆಮ್ತಾರೆ, ರಾತ್ರಿ ಸ್ವಲ್ಪ ಕಮ್ಮಿ ಇದ್ದಂಗಿದೆ, ನಂಗೆ ಹಂಗೆ ಕೇಳ್ತಿದ್ಯೋ ಏನೋ.

ಭಾವನಿಗೆ ಈ ಪೋಸ್ಟ್ ಕಳ್ಸಿದೀನಿ, ನೀಲಿ ಟಿಕ್ ಬಂದಿದೆ, ಉತ್ತರ ಇಲ್ಲ.

ಮಗ ಸ್ಕೂಲಿನ ವಿಜ್ಞಾನ ಮೇಳಕ್ಕೆ ಇದನ್ನೇ ತಗೊಂಡು ಹೋಗ್ತಾನಂತೆ, 27 ಕೆ ಹಾಕ್ಕೊಟ್ಟಿದೀನಿ, ಎರಡು ಲೋಟ, ಒಂದು ಲೇಸರ್, ಮತ್ತೆ ಕಿಟಕಿ ಮೇಲಿನ ನೇರಳೆ ಲೋಟನೂ ಹಂಗೇ ಪ್ಲಾಸ್ಟಿಕ್ ಸುತ್ತಿ ಇಟ್ಕೊಂಡಿದಾನೆ, ಕುಡಿಯಬಾರದು ಅಂತ ಅವನೇ ದೊಡ್ಡದಾಗಿ ಚೀಟಿ ಬರೆದು ಅಂಟಿಸಿದಾನೆ. ಅಮ್ಮಂದು ಮಾತ್ರ ಬೇರೆ ಲೆಕ್ಕ, ಮೇಳ ಮುಗಿದ ಮೇಲೆ ಆ ತಂತಿ ಕೊಡು, ಅರಿಶಿನ ಕುಂಕುಮದ ಬಟ್ಲಿಂದು ಒಂದು ಕಾಲು ಮುರಿದು ನಾಲ್ಕು ವರ್ಷ ಆಯ್ತು, ಅದಕ್ಕೆ ಹಾಕ್ಸು ಅಂತ. ಅಕ್ಕಸಾಲೆ ಅಣ್ಣ, ತರ್ಲಾ?

ಅಕ್ಕಸಾಲೆ_ಮೂಲೆ

ತನ್ನಿ. ಆದ್ರೆ ಅಮ್ಮಂಗೆ ಮೊದ್ಲೇ ಹೇಳ್ಬಿಡಿ, ಅಪ್ಪಟ ಬೆಳ್ಳಿ ಮೆತ್ತಗೆ, ಬಟ್ಲ ಭಾರಕ್ಕೆ ಬಗ್ಗುತ್ತೆ. ಒಂಚೂರು ತಾಮ್ರ ಸೇರ್ಸಿ ಕರಗಿಸ್ಬೇಕು.